ಅಜ್ಜನ ಕೋವಿಗೂ ಒಂದು ಜಾತಕ ಇದೆ

ಕಾನಸೂರು ಅಂದ್ರೆ ಶಿರಸಿ–ಸಿದ್ದಾಪುರ ರಸ್ತೆಯಲ್ಲಿ ಬಸ್ಸು ನಿಲ್ಲೋ ಒಂದು ಊರು ಅಂತಷ್ಟೇ ಹಾಸ್ಟೆಲ್ಲಿನ ಹಲವರಿಗೆ ಗೊತ್ತು. ಆ ಸೀಮೆಯ ಅಡಿಕೆ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದ ಕೋವಿಗಳಿವೆ. ಚುನಾವಣೆ ಬಂದಾಗ ಅವು ಪೊಲೀಸ್ ಠಾಣೆಗೆ ಹೋಗಿ, ಮುಗಿದ ಮೇಲೆ ವಾಪಸ್ ಬರ್ತವೆ. ಅವುಗಳಲ್ಲಿ ಹ್ಯಾಮರ್‌ಗಳು ಎರಡು ಕಿವಿಯಂತೆ ಹೊರಗೆ ನಿಂತ ಹಳೇ ಜೋಡು ನಳಿಗೆ ಕೋವಿ ಇದ್ರೆ ಮನೇಲಿ ಎರಡು ಪಕ್ಷ. "ಗುಜರಿ, ಕೊಟ್ಟು ಕೈ ತೊಳ್ಕೊಳ್ಳಿ" ಅನ್ನೋರು ಒಂದು ಕಡೆ. "ಅಜ್ಜನ ಕಾಲದ್ದು, ಈಗಲೂ ಈಡು ಹೊಡೆಯುತ್ತೆ" ಅನ್ನೋರು ಇನ್ನೊಂದು ಕಡೆ. ನಮ್ಮ ಪ್ರಕಾರ ಎರಡೂ ಅವಸರದ ಮಾತು. ಮೊದಲು ಅದನ್ನು ಓದಬೇಕು.

ಓದೋದು ಹೇಗೆ? ಲೈಸೆನ್ಸ್ ಇದ್ದವರೇ ತೋಟಾ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಿಚ್ಚಿ ತೋರಿಸಲಿ. ನಾವು ಕೈ ಹಾಕೋದು ಬೇಡ. ನಳಿಗೆಯ ಮೇಲಿನ ಇಂಗ್ಲಿಷ್ ಹೆಸರು ನಂಬಬೇಡಿ, ಅದು ಮಾರಿದ ಅಂಗಡಿಯದ್ದೂ ಇರಬಹುದು. ನಿಜವಾದ ಜಾತಕ ಇರೋದು ನಳಿಗೆಯ ಅಡಿಭಾಗದಲ್ಲಿ, ತೋಟಾ ಕೂರುವ ಜಾಗದ ಹತ್ತಿರ. ಮೊಟ್ಟೆಯಾಕಾರದ ಗೆರೆಯೊಳಗೆ ಇ, ಎಲ್, ಜಿ ಎಂಬ ಮೂರು ರೋಮನ್ ಅಕ್ಷರ ಮತ್ತು ನಕ್ಷತ್ರ ಕಂಡರೆ ಅದು ಬೆಲ್ಜಿಯಂನ ಲಿಯೇಜ್ ನಗರದ ಪರೀಕ್ಷಾಲಯದ ಮುದ್ರೆ. ಆ ಪರೀಕ್ಷಾಲಯದ ಮೂಲ 1672ರಷ್ಟು ಹಿಂದಿನದು. ಮೊಟ್ಟೆಯ ಮೇಲೆ ಕಿರೀಟ ಸೇರಿದ್ದು 1893ರಲ್ಲಿ. ಕಿರೀಟ ಇಲ್ಲದಿದ್ದರೆ ಕೋವಿ ಅದಕ್ಕೂ ಹಳೆಯದು. 1922ರಿಂದ ವರ್ಷಕ್ಕೊಂದು ಅಕ್ಷರವನ್ನೂ ಒತ್ತುತ್ತಿದ್ದರು.

'12 ಬೋರ್' ಅನ್ನೋ ಅಳತೆಯೂ ನಮ್ಮಂಥವರಿಗೆ ಒಳ್ಳೇ ಲೆಕ್ಕ. ಒಂದು ಪೌಂಡ್ ಸೀಸವನ್ನು 12 ಸಮ ಗುಂಡು ಮಾಡಿದರೆ ಒಂದು ಗುಂಡಿನ ವ್ಯಾಸವೇ ಆ ನಳಿಗೆಯ ವ್ಯಾಸ. ಸೀಸದ ಸಾಂದ್ರತೆ 11.34 ಇಟ್ಟುಕೊಂಡು ಮಾಡಿ ನೋಡಿ, ಸುಮಾರು 18.5 ಮಿ.ಮೀ. ಬರುತ್ತೆ.

ನಳಿಗೆ ಮೇಲೆ ನೀರಿನ ಅಲೆಯಂಥ ವಿನ್ಯಾಸ ಇದ್ರೆ ಅದು ಡಮಾಸ್ಕಸ್ ಇರಬಹುದು. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹಗ್ಗ ಹೊಸೆದಂತೆ ತಿರುಚಿ, ಸರಳಿನ ಸುತ್ತ ಸುತ್ತಿ, ಕಾಯಿಸಿ ಬಡಿದು ಬೆಸೆದ ನಳಿಗೆ ಅದು. ಲಿಯೇಜ್ ಹತ್ತಿರದ ವೆಸ್ದ್ರ್ ಕಣಿವೆಯ ಕಮ್ಮಾರರು ಇದರಲ್ಲಿ ಪಳಗಿದವರು. ಸಾದಾ ಉಕ್ಕಿನ ಮೇಲೆ ಇಂಥದ್ದೇ ಚಿತ್ರ ಮೂಡಿಸಿ ಮಾರಿದ್ದೂ ಉಂಟು ಅನ್ನಿ!

ಇಷ್ಟು ಮೆಚ್ಚಿದ ಮೇಲೂ, ಈಡು ಹೊಡೆಯೋದು ಬೇಡ ಅಂತಲೇ ನಾವು ಹೇಳ್ತೀವಿ. ಕಾರಣ ಸೆಂಟಿಮೆಂಟ್ ಅಲ್ಲ, ಒತ್ತಡ. ಇವುಗಳಲ್ಲಿ ಬಹಳಷ್ಟು ಕರಿಮದ್ದಿಗೆಂದು ಪರೀಕ್ಷೆಯಾದವು. ಹೊಗೆಯಿಲ್ಲದ ಮದ್ದಿನ ಪರೀಕ್ಷೆಗೆ ಸಿಂಹದ ಚಿತ್ರದ ಜತೆ 'ಪಿ ವಿ' ಎಂಬ ಬೇರೆಯೇ ಗುರುತಿದೆ. ಹಳೇ ಕೋವಿಯಲ್ಲಿ ತೋಟಾದ ಜಾಗ ಹೆಚ್ಚಾಗಿ 65 ಮಿ.ಮೀ., ಇಂದಿನ ತೋಟಾ 70. "ಒಳಗೆ ಸರಿಯಾಗಿ ಕೂರುತ್ತಲ್ಲ ಮಾರಾಯಾ" ಅನ್ನೋ ಮಾತೇ ಅಪಾಯ. ಬಾಯಿ ಮಡಚಿದ ತೋಟಾ ಗಿಡ್ಡವಾಗಿರೋದ್ರಿಂದ ಕೂರುತ್ತೆ. ಸಿಡಿದಾಗ ಮಡಿಕೆ ಬಿಚ್ಚಿ ಮುಂದಿನ ಕಿರಿದಾದ ಜಾಗಕ್ಕೆ ಚಾಚುತ್ತೆ, ಒತ್ತಡ ಏರುತ್ತೆ. ಮಲೆನಾಡಿನ ಮಳೆಗಾಲಗಳು ಬೆಸುಗೆಯ ಸಂದಿನಲ್ಲಿ ತುಕ್ಕು ಹಿಡಿಸಿದ್ದರೆ ಅದು ಹೊರಗಿಂದ ಕಾಣೋದಿಲ್ಲ. ಒಡೆಯುವುದು ನಳಿಗೆ ಹಿಡಿದ ಎಡಗೈ ಹತ್ತಿರ. ಮಂಗ ಓಡಿಸಲು ಹೋದವರ ಬೆರಳಿಗಿಂತ ಅಡಿಕೆ ಗೊನೆ ದೊಡ್ಡದಲ್ಲ.

ಹಾಗಂತ ಗುಜರಿಯೂ ಅಲ್ಲ. ಲೈಸೆನ್ಸ್‌ದಾರರು ತೀರಿಕೊಂಡರೆ ಕೋವಿಯನ್ನು ಠಾಣೆಗೋ ಲೈಸೆನ್ಸ್ ಇರುವ ವ್ಯಾಪಾರಿಗೋ ಒಪ್ಪಿಸಬೇಕು, 1959ರ ಶಸ್ತ್ರಾಸ್ತ್ರ ಕಾಯ್ದೆ ಹೇಳೋದೇ ಹಾಗೆ. ಕಾನೂನು ಪಾಲಿಸೋಣ. ಆದರೆ ಕೋವಿ ಹೊಸಿಲು ದಾಟಿದ ದಿನ ಅದರ ಕಥೆಯೂ ದಾಟಿಹೋಗಬಾರದು. ಯಜಮಾನರು ಇರುವಾಗಲೇ ಮುದ್ರೆಗಳ ಫೋಟೊ ತೆಗೆದು, ಕೋವಿ ಯಾರಿಂದ ಬಂತು, ಯಾವಾಗ ಬಂತು ಅಂತ ಕೇಳಿ ಬರೆದಿಡೋಣ. ಮುಂದಿನ ರಜೆಗೆ ಊರಿಗೆ ಹೋಗುವವರು ಒಂದು ಭೂತಗನ್ನಡಿ, ಒಂದು ನೋಟ್‌ಬುಕ್ ಒಯ್ದರೆ ಸಾಕು.