ಒಡೆಯುವ ಯಂತ್ರಗಳಿಗೂ ಬೇಕು ಗಣಕದ ಪರೀಕ್ಷೆ

ಅರಸೀಕೆರೆಯ ಕರಟದ ಪುಡಿ ತಯಾರಕರು, ಜಲ್ಲಿ ಕ್ರಷರ್ ನಡೆಸುವವರು, ಬೇಲೂರು-ಹಳೇಬೀಡಿನ ಶಿಲ್ಪಿಗಳು ಇವರೆಲ್ಲರ ಕಸುಬಿನ ಮೂಲ ಒಂದೇ: ಗಟ್ಟಿ ವಸ್ತುವನ್ನು ಬೇಕಾದ ರೀತಿಯಲ್ಲಿ ಒಡೆಯುವುದು. ಆದರೆ ಹ್ಯಾಮರ್ ಮಿಲ್ಲಿನ ಸುತ್ತಿಗೆಯ ತೂಕ, ವೇಗಗಳನ್ನು ಸಣ್ಣ ವರ್ಕ್‌ಶಾಪುಗಳು ಬಹುಮಟ್ಟಿಗೆ ಅನುಭವದಿಂದಲೇ ನಿರ್ಧರಿಸುತ್ತವೆ. ಅಂದಾಜು ತಪ್ಪಿದರೆ ಸುತ್ತಿಗೆ ಬೇಗ ಸವೆಯುತ್ತದೆ, ವಿದ್ಯುತ್ ವೆಚ್ಚ ಏರುತ್ತದೆ, ಮಾಲು ಬೆಲೆಯಿಲ್ಲದ ಧೂಳಾಗುತ್ತದೆ.

ಈ ನಷ್ಟವನ್ನು ತಗ್ಗಿಸಬಲ್ಲ ಗಣಿತ ಈಗಾಗಲೇ ಇದೆ. ಗಣಕದಲ್ಲಿ ಯಂತ್ರಭಾಗಗಳ ಬಲವನ್ನು ಲೆಕ್ಕ ಹಾಕುವಾಗ ವಸ್ತುವನ್ನು ಬಲೆಯ ಕಣ್ಣುಗಳಂತೆ ವಿಭಾಗಿಸುವುದು ರೂಢಿ. ವಸ್ತು ಚೂರುಚೂರಾದಾಗ ಆ ಬಲೆಯೇ ತಿರುಚಿಕೊಂಡು ಲೆಕ್ಕ ಕೆಡುತ್ತದೆ. ಇದಕ್ಕೆ ಪರಿಹಾರ ಜಾಲರಹಿತ ಕಣ ವಿಧಾನ. ಇಲ್ಲಿ ವಸ್ತುವೆಂದರೆ ದ್ರವ್ಯರಾಶಿ, ವೇಗ, ಒತ್ತಡಗಳನ್ನು ಹೊತ್ತ ಕಣಗಳ ಸಮೂಹ. ನೆರೆಯ ಕಣಗಳ ಸಂಬಂಧ ಕಡಿದಲ್ಲಿ ಬಿರುಕು ಮೂಡುತ್ತದೆ. 1977ರಲ್ಲಿ ಖಗೋಳ ವಿಜ್ಞಾನಕ್ಕಾಗಿ ಹುಟ್ಟಿದ ಎಸ್‌ಪಿಎಚ್ ವಿಧಾನ 1990ರ ದಶಕದಲ್ಲಿ ಘನವಸ್ತುಗಳಿಗೂ ವಿಸ್ತರಿಸಿತು. 2000ದಲ್ಲಿ ಅಮೆರಿಕದ ಸ್ಟುವರ್ಟ್ ಸಿಲ್ಲಿಂಗ್ ಬಿರುಕುಗಳಿಗೆಂದೇ ಪೆರಿಡೈನಾಮಿಕ್ಸ್ ಸಿದ್ಧಾಂತವನ್ನು ಮಂಡಿಸಿದರು. ಕಕ್ಷೆಯಲ್ಲಿ ಸೆಕೆಂಡಿಗೆ ಹಲವು ಕಿಲೋಮೀಟರ್ ವೇಗದಲ್ಲಿ ಬಂದಪ್ಪಳಿಸುವ ಚೂರುಗಳಿಂದ ಉಪಗ್ರಹವನ್ನು ಕಾಯುವ ಕವಚಗಳ ಅಧ್ಯಯನಕ್ಕೂ ಕಣ ವಿಧಾನಗಳು ಬಳಕೆಯಾಗುತ್ತಿವೆ. ಸುತ್ತಿಗೆಯ ವೇಗ ಅದರೆದುರು ಅತ್ಯಲ್ಪವಾದರೂ ಒಡೆಯುವಿಕೆಯ ಪ್ರಶ್ನೆ ಅದೇ.

ಉಚಿತವಾಗಿ ದೊರೆಯುವ ತಂತ್ರಾಂಶಗಳೂ ಇವೆ. ಆದುದರಿಂದ ತಂತ್ರಾಂಶ ಖರೀದಿಯನ್ನೇ ಪ್ರಗತಿಯೆಂದು ಭಾವಿಸುವುದು ಸಲ್ಲದು. ಎಸ್‌ಪಿಎಚ್‌ನ ಮೂಲ ರೂಪದಲ್ಲಿ ವಸ್ತುವನ್ನು ಎಳೆದಾಗ ಕಣಗಳು ಲೆಕ್ಕದ ದೋಷದಿಂದಲೇ ಗುಂಪುಗೂಡಿ ಸುಳ್ಳು ಬಿರುಕು ತೋರುವುದುಂಟು. ಅದನ್ನು ಗುರುತಿಸಲು ನೈಜ ಪರೀಕ್ಷೆಯ ಅಂಕಿಗಳು ಬೇಕು. ಹೊಯ್ಸಳ ಶಿಲ್ಪಿಗಳು ಉಳಿಗೆ ಒಲಿಯುವ ಬಳಪದ ಕಲ್ಲನ್ನು ಆರಿಸಿಕೊಂಡರು; ಅದರ ಅಂಕಿ ಗ್ರಾನೈಟಿಗೆ ಹೊಂದದು, ಗ್ರಾನೈಟಿನ ಅಂಕಿ ಕರಟಕ್ಕೆ ಹೊಂದದು.

ಆದ್ದರಿಂದ ಮೊದಲ ಹೂಡಿಕೆ ಅಳತೆಗೆ ಸಲ್ಲಬೇಕು. ಸ್ಥಳೀಯ ಕಲ್ಲು ಮತ್ತು ಕರಟದ ಬಲ, ತೇವಾಂಶದೊಡನೆ ಅದು ಬದಲಾಗುವ ಬಗೆ, ಪೆಟ್ಟಿನ ವೇಗಕ್ಕೆ ತಕ್ಕಂತೆ ಒಡೆಯುವ ರೀತಿ ದಾಖಲಾಗಬೇಕು. ಒಬ್ಬ ಸಣ್ಣ ಉದ್ದಿಮೆದಾರನಿಗೆ ಇದು ನಿಲುಕದ ಮಾತು. ಕೇಂದ್ರದ ಕ್ಲಸ್ಟರ್ ಅಭಿವೃದ್ಧಿ ಯೋಜನೆಯಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಕ್ಕೆ ಅವಕಾಶವಿದೆ. ವ್ಯಾಪಾರಿ ಸಂಘಗಳು ಒಗ್ಗೂಡಿ, ಹಾಸನದ ಎಂಜಿನಿಯರಿಂಗ್ ಕಾಲೇಜುಗಳನ್ನು ಜೊತೆಗೂಡಿಸಿಕೊಂಡು ಅರ್ಜಿ ಸಲ್ಲಿಸುವುದು ಸೂಕ್ತ. ನಂಬಲರ್ಹ ಅಂಕಿಗಳು ಕೈಯಲ್ಲಿದ್ದರೆ ಹತ್ತು ಸುತ್ತಿಗೆಗಳ ಬದಲು ಎರಡನ್ನು ಮಾತ್ರ ಎರಕ ಹೊಯ್ಯಿಸಿ ಪರೀಕ್ಷಿಸಿದರೆ ಸಾಕಾಗಬಹುದು. ಉಳಿದ ಎಂಟು ಗಣಕದಲ್ಲೇ ಸವೆಯಲಿ.