ಹತ್ತಿ ಗಾಡಿಯಿಂದ ಮಕ್ಕಳನ್ನು ಇಳಿಸಿ

2023ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಯಾದಗಿರಿ ಜಿಲ್ಲೆಯ ಫಲಿತಾಂಶ ಶೇ 75.49. ಮರುವರ್ಷ, 2024ರಲ್ಲಿ, ಶೇ 50.59. ಎರಡೂ ವರ್ಷ ರಾಜ್ಯದಲ್ಲಿ ಕೊನೆಯ ಸ್ಥಾನ ನಮ್ಮದೇ. ಹಾಗಾದರೆ ಒಂದೇ ವರ್ಷದಲ್ಲಿ ನಮ್ಮ ಮಕ್ಕಳು ಇಷ್ಟೊಂದು ದಡ್ಡರಾಗಿಬಿಟ್ಟರೇ? ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ಒಳಗೆ ನಡೆಯುವುದನ್ನು ಹೊರಗೆ ಕೂತು ನೋಡುವಂತಾಯಿತು. ಕೃಪಾಂಕ ಹೆಚ್ಚಿಸಿದ ಮೇಲೂ ಇಡೀ ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು. ನಮ್ಮದು ಕುಸಿದೇ ಬಿತ್ತು.

ಅಲ್ಲಿಯತನಕ ಕಾಂಪೌಂಡ್ ಹಾರಿ ಹೋಗಿ ಕಿಟಕಿಯೊಳಗೆ ಚೀಟಿ ತೂರಿದ ಕೈಗಳು ಯಾರವು? ಅಣ್ಣನವು, ಕಾಕಾನವು, ಸೋದರಮಾವನವು. ಪ್ರೀತಿಯಿಂದಲೇ ತೂರಿದರು, ಹುಡುಗ ಹೇಗಾದರೂ ದಾಟಲಿ ಎಂಬ ಆಸೆಯಿಂದ. ಆದರೆ ಆ ಪ್ರೀತಿ ಏಳು ವರ್ಷ ತಡವಾಗಿ ಬಂತು. ಅದೇ ಹುಡುಗ ಮೂರನೇ ಇಯತ್ತೆಯಲ್ಲಿ ಒತ್ತಕ್ಷರ ಓದಲಾರದೆ ಒದ್ದಾಡುತ್ತಿದ್ದಾಗ ಇದೇ ಅಣ್ಣ, ಇದೇ ಕಾಕಾ, ಇದೇ ಊರು ಎಲ್ಲಿತ್ತು? ಸುರಪುರ ತಾಲ್ಲೂಕಿನ ಬೋನಾಳದ ನನ್ನ ಜನರಿಗೆ, ಸುರಪುರ, ಶಹಾಪುರ, ಯಾದಗಿರಿಯ ನನ್ನ ಜನರಿಗೆ ಈ ಪ್ರಶ್ನೆ ಕೇಳದೆ ನನಗೆ ಗತಿಯಿಲ್ಲ.

ನಮ್ಮ ಫಲಿತಾಂಶ ನಿರ್ಧಾರವಾಗುವುದು ಮಾರ್ಚ್ ತಿಂಗಳ ಪರೀಕ್ಷಾ ಕೊಠಡಿಯಲ್ಲಿ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಅದು ನಿರ್ಧಾರವಾಗುವುದು ದೀಪಾವಳಿಯಿಂದ ಸಂಕ್ರಮಣದವರೆಗೆ, ಹತ್ತಿ ಹೊಲದಲ್ಲಿ. ನಾರಾಯಣಪುರದ ಬಸವಸಾಗರ ಕಟ್ಟಿ, ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಈ ಸೀಮೆಯ ನೆಲದ ಬಣ್ಣವೇ ಬದಲಾಯಿತು. ಜೋಳ, ತೊಗರಿಯ ಜೊತೆಗೆ ಭತ್ತ ಬಂತು, ಹತ್ತಿ ಬಂತು, ಮೆಣಸಿನಕಾಯಿ ಬಂತು. ನೀರಿನ ಜೊತೆ ರೊಕ್ಕವೂ ಬಂತು, ಬಂದದ್ದು ಒಳ್ಳೆಯದೇ. ಆದರೆ ಹತ್ತಿ ಬಿಡಿಸುವ ಕೂಲಿ ಕೆ.ಜಿ. ಲೆಕ್ಕದ್ದು. ದಿನಗೂಲಿಯಾದರೆ ಮಗುವನ್ನು ಕರೆದೊಯ್ದು ಲಾಭವಿಲ್ಲ. ಕೆ.ಜಿ. ಲೆಕ್ಕವಾದರೆ ಮಗು ಬಿಡಿಸಿದ ಹತ್ತಿಯೂ ಅವ್ವನ ತೂಕಕ್ಕೆ ಸೇರುತ್ತದೆ. ಗಿಡ ಎದೆಮಟ್ಟ, ಮಗುವಿನ ಕೈಗೆ ಕಾಯಿ ಸರಿಯಾಗಿ ಎಟಕುತ್ತದೆ. ಹೀಗಾಗಿ ನಸುಕಿನಲ್ಲೇ ಓಣಿಯ ತುದಿಗೆ ಟಂಟಂ ಬಂದು ನಿಲ್ಲುತ್ತದೆ, ಕ್ರೂಸರ್ ಬಂದು ನಿಲ್ಲುತ್ತದೆ. ಬುತ್ತಿ ಗಂಟು, ನೀರಿನ ಕೊಡ, ಅವ್ವಂದಿರು, ಅವರ ಸಂದಿಯಲ್ಲಿ ನಾಲ್ಕನೇ ಇಯತ್ತೆ, ಆರನೇ ಇಯತ್ತೆಯ ಮಕ್ಕಳು. ಹತ್ತು ಗಂಟೆಗೆ ಸಾಲಿ ಗಂಟೆ ಹೊಡೆಯುವಾಗ ಆ ಮಕ್ಕಳು ಎರಡು ಊರು ದಾಟಿ ಸಾಲು ಹಿಡಿದಿರುತ್ತಾರೆ.

ಏಳು ದಿನ ಸತತ ಗೈರಾದರೆ ಆ ಮಗುವನ್ನು ಶಾಲೆಯಿಂದ ಹೊರಗುಳಿದ ಮಗುವೆಂದು ಗುರುತಿಸಿ ಮರಳಿ ಕರೆತರಬೇಕು ಎಂಬ ನಿಯಮ ನಮ್ಮ ರಾಜ್ಯದಲ್ಲಿದೆ. ಏಳು ದಿನ! ನಮ್ಮಲ್ಲಿ ಏಳು ವಾರ ಹೋದರೂ ಯಾರೂ ಮನೆ ಬಾಗಿಲಿಗೆ ಹೋಗುವುದಿಲ್ಲ. ಸೀಜನ್ ಅಲ್ಲವೇ, ಮುಗಿದ ಮೇಲೆ ಬರುತ್ತಾರೆ ಎಂದು ಹಾಜರಿ ಪುಸ್ತಕವನ್ನು ಮುಚ್ಚಿಡುತ್ತೇವೆ. ಬರುತ್ತಾರೆ ನಿಜ. ಆದರೆ ಬಿಟ್ಟುಹೋದಾಗ ಭಾಗಾಕಾರ ನಡೆಯುತ್ತಿತ್ತು, ಬರುವ ಹೊತ್ತಿಗೆ ಭಿನ್ನರಾಶಿ ಮುಗಿದಿರುತ್ತದೆ. ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿ ಕೂತ ಮಗು ಮರುವರ್ಷದ ಸೀಜನ್ನಿನಲ್ಲಿ ಹೋದದ್ದು ತಿರುಗಿ ಬರುವುದಿಲ್ಲ.

ಬೋನಾಳದ ಕೆರೆ ಸುರಪುರದ ನಾಯಕರ ಕಾಲದ್ದು. ಇಂದು ಅದು ಪಕ್ಷಿಧಾಮ. ಚಳಿಗಾಲದಲ್ಲಿ ದೂರದೂರದ ಹಕ್ಕಿಗಳು ಬಂದಿಳಿಯುತ್ತವೆ, ನೋಡಲು ಕ್ಯಾಮೆರಾ ಹಿಡಿದವರು ಬರುತ್ತಾರೆ. ಹಕ್ಕಿಗೆ ಕಲ್ಲೆಸೆದರೆ ಬೈಯುವವರಿದ್ದಾರೆ, ಇರಲೇಬೇಕು. ಅದೇ ದಾರಿಯ ಮಗ್ಗುಲಿಗಿರುವ ಹೊಲದಲ್ಲಿ ಒಂದು ಡಿಸೆಂಬರ್ ಮುಂಜಾನೆ ನಾನು ಕಂಡ ಹುಡುಗಿಗೆ ಹತ್ತೋ ಹನ್ನೊಂದೋ ವಯಸ್ಸು. ಗಿಡ ಗೀರಬಾರದೆಂದು ಅಪ್ಪನ ತುಂಬುತೋಳಿನ ಅಂಗಿ ಹಾಕಿಕೊಂಡಿದ್ದಳು, ಅದರ ಕೆಳಗೆ ಸಾಲಿಯ ನೀಲಿ ಲಂಗ. ಒಣಗಿ ಬಿರಿದ ಕಾಯಿಯ ಚೂಪು ಅಂಚು ಉಗುರಿನ ಬುಡದಲ್ಲೆಲ್ಲ ಸೀಳಿ, ರಕ್ತ ಕರಿದಾಗಿ ಒಣಗಿತ್ತು. ನಿನ್ನೆ ಎಷ್ಟು ಬಿಡಿಸಿದಿರಿ ಎಂದು ಕೇಳಿದೆ. "ಅವ್ವಂದು ನಲವತ್ತೆಂಟು, ನಂದು ಹತ್ತೊಂಬತ್ತು, ಅರವತ್ತೇಳು ಆತ್ರಿ" ಎಂದಳು, ಕಣ್ಣು ಮಿಟುಕಿಸುವಷ್ಟರಲ್ಲಿ, ಕೈ ನಿಲ್ಲಿಸದೆ. ದಶಕ ಕೂಡಿಸುವುದನ್ನು ಯಾರಿಂದಲೂ ಹೇಳಿಸಿಕೊಳ್ಳಬೇಕಿಲ್ಲ ಆ ಹುಡುಗಿ. ಅವಳನ್ನು ನಾವು ಮುಂದೊಂದು ದಿನ ಫೇಲಾದವರ ಪಟ್ಟಿಯಲ್ಲಿ ಎಣಿಸುತ್ತೇವೆ. ಇಲ್ಲವೇ ಪರೀಕ್ಷೆಗೆ ಕೂರುವ ಮೊದಲೇ ಮದುವೆಯ ಚಪ್ಪರದ ಕೆಳಗೆ ಕೂರಿಸುತ್ತೇವೆ.

ಸಾವ್ಕಾರ್ರೇ, ಗೌಡ್ರೇ, ನೀರಾವರಿ ಹೊಲ ಇರುವ ಅಣ್ಣಂದಿರೇ, ಮೊದಲು ನಿಮ್ಮನ್ನೇ ಕೇಳುತ್ತೇನೆ. ನಿಮ್ಮ ಮಗಳು ಅದೇ ಹೊತ್ತಿಗೆ ಹಳದಿ ವ್ಯಾನಿನಲ್ಲಿ ಪಟ್ಟಣದ ಇಂಗ್ಲಿಷ್ ಶಾಲೆಗೆ ಹೋಗುತ್ತಾಳೆ. ಹೋಗಲಿ, ಚೆನ್ನಾಗಿ ಓದಲಿ. ನಿಮ್ಮ ಹೊಲದಲ್ಲಿ ಬಗ್ಗಿ ನಿಂತವಳೂ ಅದೇ ವಯಸ್ಸಿನವಳೆಂದು ನಿಮಗೆ ಕಾಣುವುದಿಲ್ಲವೇ? ಹದಿನಾಲ್ಕು ತುಂಬದ ಮಗುವನ್ನು ಯಾವುದೇ ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧವೆಂದು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಸ್ಪಷ್ಟವಾಗಿ ಹೇಳುತ್ತದೆ. 20 ಸಾವಿರದಿಂದ 50 ಸಾವಿರ ರೂಪಾಯಿವರೆಗೆ ದಂಡ, ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು. ಆದರೆ ನಾನು ಕಾನೂನಿನ ಭಯ ತೋರಿಸಲು ಬಂದಿಲ್ಲ. ಆಳು ಸಿಗುವುದಿಲ್ಲ, ಮಳೆ ಬಂದರೆ ಹತ್ತಿ ಕೆಡುತ್ತದೆ ಎನ್ನುತ್ತೀರಿ. ನಿಜವಿರಬಹುದು. ಹಾಗಿದ್ದರೆ ದೊಡ್ಡವರಿಗೆ ಕೆ.ಜಿ.ಗೆ ಒಂದೆರಡು ರೂಪಾಯಿ ಹೆಚ್ಚು ಕೊಡಿ, ಮಗುವನ್ನು ಬಿಟ್ಟು ಬಂದ ತಾಯಿಗೆ ಆ ದಿನದ ಗಳಿಕೆ ಕಡಿಮೆಯಾಗದಂತೆ ನೋಡಿಕೊಳ್ಳಿ. ನಿಮ್ಮ ಲಾಭದಲ್ಲಿ ಒಂದು ಪಾಲು ಇಷ್ಟು ವರ್ಷ ಆ ಮಗುವಿನ ಓದಿನಿಂದ ಕಿತ್ತುಕೊಂಡದ್ದು.

ಅವ್ವಂದಿರಿಗೆ ಏನು ಹೇಳಲಿ? ಸಾಲ ಇದೆ, ಸಂಘದ ಕಂತು ಇದೆ, ಮನೆಯಲ್ಲಿ ಬಿಟ್ಟರೆ ಹುಡುಗಿಯನ್ನು ನೋಡಿಕೊಳ್ಳುವವರಿಲ್ಲ. "ಸಾಲಿಗಿ ಹೋಗಿ ಏನ್ ಮಾಡ್ತಾಳ್ರಿ, ಮಾಸ್ತರೇ ಇಲ್ಲ" ಎಂದು ಒಬ್ಬ ತಾಯಿ ನನ್ನ ಮುಖಕ್ಕೆ ಹೇಳಿದಳು. ಆ ಮಾತಿಗೆ ಅವಳಲ್ಲ, ಸರ್ಕಾರ ಉತ್ತರ ಕೊಡಬೇಕು.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ಸುರಪುರ, ಶಹಾಪುರ, ಯಾದಗಿರಿ ಮೂರನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು. 2009ರ ಕೊನೆಗೆ ಯಾದಗಿರಿ ಹೊಸ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 51.83, ಹೆಂಗಸರದು ಶೇ 41.38, ರಾಜ್ಯಕ್ಕೇ ಕಡಿಮೆ. ಆಮೇಲೆ ಸಂವಿಧಾನದ 371 ಜೆ ವಿಧಿ ಬಂತು, ಈ ಭಾಗಕ್ಕೆಂದೇ ಅಭಿವೃದ್ಧಿ ಮಂಡಳಿ ಬಂತು, ವರ್ಷವರ್ಷವೂ ಕೋಟಿ ಕೋಟಿ ಅನುದಾನ ಬಂತು. ಕೊಠಡಿಗಳು ಎದ್ದವು. ಕೊಠಡಿಯಲ್ಲಿ ನಿಲ್ಲಬೇಕಾದ ಮಾಸ್ತರ ಎಲ್ಲಿ? ಮಂಜೂರಾದ ಹುದ್ದೆ ಖಾಲಿ, ಅದರ ಜಾಗಕ್ಕೆ ಅತಿಥಿ ಶಿಕ್ಷಕ. ಅವನೂ ನಮ್ಮವನೇ, ಓದಿ ಕೆಲಸ ಸಿಗದ ಹುಡುಗ. ಶಾಲೆ ಶುರುವಾಗಿ ವಾರಗಳಾದ ಮೇಲೆ ನೇಮಕ, ಬೇಸಿಗೆ ಬಂದರೆ ಮನೆಗೆ. ಅಷ್ಟು ಅಲ್ಪ ಗೌರವಧನದಲ್ಲಿ ಅವನು ನಮ್ಮ ಮಕ್ಕಳಿಗೆ ಅಕ್ಷರ ಕಲಿಸುತ್ತಾನೆ, ಮಾರ್ಚ್ ನಂತರ ಅವನೇ ಕೂಲಿಗೆ ಹೋಗುತ್ತಾನೆ. ಇದನ್ನು ವ್ಯವಸ್ಥೆ ಎಂದು ಕರೆಯಲು ನಾಚಿಕೆಯಾಗಬೇಕು.

371 ಜೆ ಅಡಿಯಲ್ಲಿ ನಮ್ಮ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಶೇ 75ರಿಂದ 85ರವರೆಗೆ ನಮ್ಮ ಮಕ್ಕಳಿಗೇ ಮೀಸಲು. 2022ರಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗೆ ಪರೀಕ್ಷೆ ನಡೆದಾಗ ನಮ್ಮ ಕಲ್ಯಾಣ ಕರ್ನಾಟಕಕ್ಕೆಂದೇ 5,000 ತೆಗೆದಿರಿಸಿದ್ದರು. ರಾಜ್ಯದಲ್ಲಿ ಅಷ್ಟೂ ಹುದ್ದೆ ತುಂಬುವಷ್ಟು ಅರ್ಹರು ಸಿಗಲಿಲ್ಲ. ಹೋರಾಡಿ ಪಡೆದ ಮೀಸಲಾತಿ ಅದು. ಹತ್ತನೇ ಇಯತ್ತೆ ದಾಟದ ಮಗುವಿಗೆ ಅದರಿಂದ ಏನು ಬಂತು? ಹತ್ತಿ ಹೊಲಕ್ಕೆ ಕಳಿಸಿದ ಹುಡುಗಿಯೇ ಇಪ್ಪತ್ತು ವರ್ಷದ ನಂತರ ನಮ್ಮೂರಿನ ಟೀಚರ್ ಆಗಬೇಕಾದವಳು. ಅವಳನ್ನು ಇಂದು ಕಳೆದುಕೊಂಡರೆ ನಾಳೆಯೂ ಮಾಸ್ತರಿಲ್ಲ, ನಾಡಿದ್ದೂ ಇಲ್ಲ.

ಇದಕ್ಕೆಲ್ಲ ಈ ಸೀಮೆಯನ್ನು ಆಳಿದ ಹೈದರಾಬಾದಿನ ನಿಜಾಮನನ್ನು ಹೊಣೆ ಮಾಡುವ ಅಭ್ಯಾಸ ನಮಗಿದೆ. ಉರ್ದು ಮಾಧ್ಯಮ, ಕನ್ನಡಕ್ಕೆ ಜಾಗವಿಲ್ಲದ ಶಾಲೆ, ಎಲ್ಲ ನಡೆದದ್ದೇ. ಆದರೆ 1948ರ ಸೆಪ್ಟೆಂಬರ್‌ನಲ್ಲಿ ಆ ಆಳ್ವಿಕೆ ಮುಗಿಯಿತು. ಆಮೇಲಿನ ಮುಕ್ಕಾಲು ಶತಮಾನ ನಮ್ಮದೇ. ಓಟು ಹಾಕಿದವರು ನಾವು, ಗೆದ್ದವರು ನಮ್ಮವರು.

ಶಿಕ್ಷಕ ಬಂಧುಗಳೇ, ಧಾರವಾಡದಿಂದ, ವಿಜಯಪುರದಿಂದ, ದಾವಣಗೆರೆಯಿಂದ ಬಂದು ಇಲ್ಲಿ ದುಡಿಯುತ್ತಿರುವವರೇ, ನಿಮ್ಮ ಕಷ್ಟ ಬಲ್ಲೆ. ಬಿಸಿಲು, ಬಸ್ಸಿಲ್ಲದ ಹಳ್ಳಿ, ಊರಲ್ಲಿ ವಯಸ್ಸಾದ ತಂದೆತಾಯಿ. ವರ್ಗಾವಣೆ ಕೇಳುವುದು ತಪ್ಪಲ್ಲ. ಆದರೆ ಇಲ್ಲಿರುವಷ್ಟು ದಿನ ಮನಸ್ಸೂ ಇಲ್ಲೇ ಇರಲಿ. ಇದೇ ಸುರಪುರ ತಾಲ್ಲೂಕಿನಲ್ಲಿ ಎರಡು ದಶಕದ ಹಿಂದೆ ಶಿಕ್ಷಣ ಇಲಾಖೆ, ಯುನಿಸೆಫ್ ಮತ್ತು ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೂಡಿ ಮಗುಸ್ನೇಹಿ ಶಾಲೆಗಳ ಕೆಲಸ ಶುರುಮಾಡಿದ್ದವು. ಸಾಲಿ ಬಿಟ್ಟ ಮೇಲೆ ಸಂಜೆ ಕಲಿಕಾ ಕೇಂದ್ರದಲ್ಲಿ ಕೂತು ಗಣಿತ ಹೇಗೆ ಹೇಳಿಕೊಡುವುದೆಂದು ಚರ್ಚಿಸುವ ಶಿಕ್ಷಕರು ಈ ತಾಲ್ಲೂಕಿನಲ್ಲೇ ಇದ್ದಾರೆ. ಅಂಥವರ ಕೈಯಲ್ಲಿ ಕಲಿತ ಮಕ್ಕಳ ಕಣ್ಣು ನೋಡಿದವರು ಈ ನೆಲದ ಮಕ್ಕಳಿಗೆ ವಿದ್ಯೆ ಹತ್ತುವುದಿಲ್ಲ ಎಂಬ ಮಾತನ್ನು ಮತ್ತೆಂದೂ ಆಡಲಾರರು.

ಬೆಂಗಳೂರಿನ ಕನ್ನಡಿಗರಿಗೂ ಒಂದು ಮಾತಿದೆ. ನಿಮ್ಮ ಅಪಾರ್ಟ್‌ಮೆಂಟ್ ಏಳುತ್ತಿರುವ ಜಾಗದ ಪಕ್ಕ ತಗಡಿನ ಶೆಡ್‌ಗಳಿವೆಯಲ್ಲ, ಅಲ್ಲಿ ನಮ್ಮವರಿದ್ದಾರೆ. ಸುಗ್ಗಿ ಮುಗಿದ ಮೇಲೆ ಮಕ್ಕಳನ್ನೂ ಕಟ್ಟಿಕೊಂಡು ಗಾರೆ ಕೆಲಸಕ್ಕೆ ಬಂದವರು. ಆ ಮಕ್ಕಳು ಮರಳಿನ ರಾಶಿಯಲ್ಲಿ ತಮ್ಮ ತಂಗಿಯನ್ನು ಆಡಿಸುತ್ತ ಕೂತಿರುತ್ತಾರೆ. ಟಿ.ಸಿ. ಇಲ್ಲ, ವಯಸ್ಸಿನ ದಾಖಲೆ ಇಲ್ಲ, ವರ್ಷದ ನಡುವೆ ಬಂದರು ಎಂದು ಯಾವ ಸರ್ಕಾರಿ ಶಾಲೆಯೂ ಅವರನ್ನು ಹೊರಗಿಡುವಂತಿಲ್ಲ. 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಅದು ಬರೆದಿದೆ. ಶೆಡ್ಡಿನ ತಾಯಿಗೆ ಆ ಕಾಯ್ದೆ ಗೊತ್ತಿಲ್ಲ, ನಿಮಗೆ ಗೊತ್ತಿದೆ. ಒಂದು ಬೆಳಿಗ್ಗೆ ಆ ಮಗುವಿನ ಕೈ ಹಿಡಿದು ಹತ್ತಿರದ ಕನ್ನಡ ಶಾಲೆಗೆ ಕರೆದೊಯ್ಯಿರಿ. ಮುಖ್ಯಶಿಕ್ಷಕರ ಮುಂದೆ ಅದರ ಪರವಾಗಿ ಮಾತಾಡಿ.

ಮತ್ತೆ ನಮ್ಮೂರಿಗೆ ಬರುತ್ತೇನೆ. ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಸಮಿತಿಯಲ್ಲಿ, ಹೆಚ್ಚಿನವರು ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ಹೆಂಗಸರ ಸಹಿ ಇರುತ್ತದೆ, ಹೆಂಗಸರು ಇರುವುದಿಲ್ಲ. ಈ ಸಲ ದಸರಾ ರಜೆ ಮುಗಿಯುತ್ತಲೇ ಸಭೆ ಕರೆಯಿರಿ, ತಾಯಂದಿರು ಹೊಲದಿಂದ ಬಂದ ಮೇಲೆ, ರಾತ್ರಿ ಊಟದ ಹೊತ್ತು ಕಳೆದು, ಅಗಸಿ ಕಟ್ಟೆಯ ಮೇಲೆ. ಕಳೆದ ವರ್ಷದ ಹಾಜರಿ ಪುಸ್ತಕ ತಂದು ನವೆಂಬರ್, ಡಿಸೆಂಬರ್, ಜನವರಿಯ ಪುಟಗಳನ್ನು ಹೆಸರು ಹಿಡಿದು ಓದಿಸಿ. ಯಾವ ಮಗು ಎಷ್ಟು ದಿನ ಬಂದಿಲ್ಲ ಎಂಬುದು ಊರಿಗೆಲ್ಲ ಕೇಳಲಿ. ಆ ಮಗುವನ್ನು ಯಾರ ಗಾಡಿ ಒಯ್ದಿತು, ಯಾರ ಹೊಲಕ್ಕೆ ಹೋಯಿತು ಎಂಬುದು ಊರಿಗೆ ಗೊತ್ತೇ ಇದೆ. ಹೊಲದವರು ಅಲ್ಲೇ ಮಾತು ಕೊಡಲಿ, ಗಾಡಿಯವರು ಅಲ್ಲೇ ಮಾತು ಕೊಡಲಿ. ಖಾಲಿ ಹುದ್ದೆಗಳ ಪಟ್ಟಿ ಬರೆದು ಕ್ಷೇತ್ರ ಶಿಕ್ಷಣಾಧಿಕಾರಿಗೂ ಶಾಸಕರಿಗೂ ಕೊಡಿ, ಸ್ವೀಕೃತಿ ಪಡೆಯಿರಿ, ಉತ್ತರ ಬರುವತನಕ ಪ್ರತಿ ತಿಂಗಳು ಹೋಗಿ ಕೇಳಿ. ಹೆಂಗಸರು ಹೊಲಕ್ಕೆ ಹೋದಾಗ ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಅಂಗನವಾಡಿ ಸಂಜೆತನಕ ತೆರೆದಿರಲಿ ಎಂದು ಪಂಚಾಯಿತಿಯಲ್ಲಿ ಠರಾವು ಮಾಡಿಸಿ, ಆಗ ಅಕ್ಕನನ್ನು ಮನೆಯಲ್ಲಿ ಕಟ್ಟಿಹಾಕಬೇಕಾಗುವುದಿಲ್ಲ. ಇಷ್ಟಾದ ಮೇಲೂ ಮಾತು ತಪ್ಪಿ ಯಾವನಾದರೂ ನಸುಕಿನಲ್ಲಿ ಗಾಡಿ ತಂದು ನಿಲ್ಲಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಫೋನಿಗೆ ಉತ್ತರ ಬರುವ ಮೊದಲೇ ನೀವು ನಾಲ್ಕು ಜನ ಗಾಡಿಯ ಮುಂದೆ ಹೋಗಿ ನಿಲ್ಲಿ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಇಳಿಸಿಕೊಳ್ಳಿ, ಮುಖ ತೊಳೆಸಿ, ಹತ್ತು ಗಂಟೆಯೊಳಗೆ ಸಾಲಿಗೆ ಮುಟ್ಟಿಸಿ.