ಸೆರೆಯಾಳಿನ ಮುಖ: ವಿಲ್ಕಿಯ ಚಿತ್ರ, ಜನ್ನನ ಕಾವ್ಯ

ವಧಾಸ್ಥಾನದ ಅಂಚಿನಲ್ಲಿ ನಿಂತವರು, ಕತ್ತಲ ಕೋಣೆಯಲ್ಲಿ ಸಾವನ್ನು ಎದುರುನೋಡುವವರು ಯುರೋಪಿನ ರಮ್ಯಪಂಥದ ಚಿತ್ರಕಾರರಿಗೆ ಅತಿಪ್ರಿಯರಾಗಿದ್ದರು. ಫ್ರಾನ್ಸಿನ ಪಾಲ್ ದೆಲಾರೋಶ್ 1833ರಲ್ಲಿ ರಚಿಸಿದ ಲೇಡಿ ಜೇನ್ ಗ್ರೇಯ ವಧಾದೃಶ್ಯದಲ್ಲಿ, ಕಣ್ಣಿಗೆ ಬಟ್ಟೆ ಕಟ್ಟಿದ ಬಾಲೆ ತಾನು ತಲೆಯಿಡಬೇಕಾದ ಕೊರಡಿಗಾಗಿ ಕೈಚಾಚಿ ತಡಕುತ್ತಾಳೆ. ನೋಡುಗನ ಮರುಕವೇ ಇಂಥ ಚಿತ್ರಗಳ ಬಂಡವಾಳ. ಆ ಮರುಕ ಯಾರ ಪರವಾಗಿ ವ್ಯಯವಾಗುತ್ತದೆ ಎಂಬ ಪ್ರಶ್ನೆಯನ್ನು ಕಲಾಚರಿತ್ರೆ ಸಾಮಾನ್ಯವಾಗಿ ಮೆಲುದನಿಯಲ್ಲಿ ಕೇಳುತ್ತದೆ. ಕನ್ನಡ ನೆಲದ ಒಂದು ಸೆರೆಮನೆಯನ್ನು ಒಳಗೊಂಡ ಚಿತ್ರದ ಮುಂದೆ ಅದನ್ನು ಗಟ್ಟಿಯಾಗಿಯೇ ಕೇಳಬೇಕಾಗುತ್ತದೆ.

ಸ್ಕಾಟ್ಲೆಂಡಿನ ಸರ್ ಡೇವಿಡ್ ವಿಲ್ಕಿಯ ಈ ಚಿತ್ರ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿತವಾದುದು 1839ರಲ್ಲಿ. ವಸ್ತು, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಬಳಿಕ ಜನರಲ್ ಡೇವಿಡ್ ಬೇರ್ಡ್ ಟಿಪ್ಪು ಸುಲ್ತಾನನ ಶವವನ್ನು ಕಂಡ ಗಳಿಗೆ. ಹನ್ನೊಂದು ಅಡಿಗೂ ಮಿಕ್ಕಿದ ಎತ್ತರದ ಪಟ. ಕತ್ತಲು, ದೀಪದ ಬೆಳಕು, ಕೆಳಗೆ ಶವ, ಮೇಲೆ ನೆಟ್ಟನೆ ನಿಂತ ವಿಜಯಿ. ಬೇರ್ಡನ ಕಾಲ ಕೆಳಗಿನ ಗೋಡೆಯಲ್ಲಿ ಒಂದು ಕಬ್ಬಿಣದ ಜಾಲಂಧ್ರವಿದೆ. ಅದು ಸೆರೆಮನೆಯ ಕಿಂಡಿ. 1780ರ ಸೆಪ್ಟೆಂಬರಿನ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕ ಬೇರ್ಡ್, 1784ರ ಮಂಗಳೂರು ಒಪ್ಪಂದದವರೆಗೆ ಮೂರೂವರೆ ವರ್ಷ ಮಿಕ್ಕಿ ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿದ್ದನು. ಮಗನನ್ನು ಇನ್ನೊಬ್ಬನೊಡನೆ ಸಂಕೋಲೆಯಲ್ಲಿ ಬಿಗಿದಿದ್ದಾರೆಂದು ಕೇಳಿದ ತಾಯಿ, ನಮ್ಮ ಡೇವಿಯ ಜತೆ ಬಿಗಿಸಿಕೊಂಡವನ ಗತಿ ಏನೋ ಎಂದು ಮರುಗಿದಳಂತೆ! ಅವನ ಸೇನಾನಿ ಕರ್ನಲ್ ಬೈಲಿ ಮಾತ್ರ 1782ರಲ್ಲಿ ಸೆರೆಯಲ್ಲೇ ಸತ್ತನು.

ಇಂದು ಪ್ರವಾಸಿಗರಿಗೆ ಬೈಲಿ ಸೆರೆಮನೆಯೆಂದು ತೋರಿಸುವ ಕಮಾನುಗಳ ಕಟ್ಟಡ ಒಂದೆಡೆ, ಟಿಪ್ಪುವಿನ ಶವ ದೊರೆತ ಸ್ಥಳವೆಂಬ ಫಲಕ ಇನ್ನೊಂದೆಡೆ ಇವೆ. ಭಾರತವನ್ನು ಕಾಣದ ವಿಲ್ಕಿ ಕಾರಾಗೃಹವನ್ನೂ ಶವವನ್ನೂ ಒಂದೇ ಚೌಕಟ್ಟಿನೊಳಗೆ ಕೂಡಿಸಿದನು. ಕೂಡಿಸಿದುದರ ಫಲ ಸ್ಪಷ್ಟ: ಮುತ್ತಿಗೆ, ಕೊಳ್ಳೆ, ರಾಜ್ಯಾಪಹಾರ ಎಲ್ಲವೂ ಒಬ್ಬ ಸೆರೆಯಾಳಿಗೆ ಸಂದ ನ್ಯಾಯವಾಗಿ ಕಾಣತೊಡಗುತ್ತದೆ. ವಿಚಿತ್ರವೆಂದರೆ ಕಿಂಡಿಯ ಹಿಂದೆ ಯಾರ ಮುಖವೂ ಇಲ್ಲ. ಸೆರೆಯಾಳು ಬೇಕಾಗಿಲ್ಲ, ಅವನ ಸಂಕಟದ ಲಾಂಛನವಷ್ಟೇ ಸಾಕು.

ದರಿಯಾ ದೌಲತ್ತಿನ ಗೋಡೆಯ ಪೊಳ್ಳಿಲೂರು ಚಿತ್ರ ಇದಕ್ಕೆ ಪ್ರತಿವಾದವೆನ್ನಬಹುದು, ಪರಿಹಾರವೆನ್ನಲಾಗದು. ಅಲ್ಲಿ ಮದ್ದಿನ ಬಂಡಿ ಸಿಡಿಯುತ್ತದೆ, ಬೈಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ, ಕೆಂಪಂಗಿಯವರು ಆಟಿಕೆಗಳಂತೆ ಸಾಲುಗಟ್ಟಿದ್ದಾರೆ. ಗೆದ್ದವರ ಉಲ್ಲಾಸಕ್ಕೆ ಸೋತವರ ಮುಖಲಕ್ಷಣ ಅನಾವಶ್ಯಕ.

ಬೇರ್ಡ್ ತೀರಿಕೊಂಡದ್ದು 1829ರಲ್ಲಿ, ತನ್ನ ನಾಡಿನಲ್ಲಿ, ಸಕಲ ಗೌರವಗಳೊಡನೆ. ಅವನ ವಿಧವೆಯೇ ವಿಲ್ಕಿಯಿಂದ ಈ ಪಟವನ್ನು ಬರೆಯಿಸಿದಳು. ಅದೇ 1829ರಲ್ಲಿ ಬೈಲಹೊಂಗಲದ ಕೋಟೆಯಲ್ಲಿ ಕಂಪನಿಯ ಸೆರೆಯಾಳಾಗಿ ಕಿತ್ತೂರಿನ ಚೆನ್ನಮ್ಮ ಕಣ್ಮುಚ್ಚಿದಳು. 1831ರ ಜನವರಿಯಲ್ಲಿ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ನೇಣಿಗೇರಿಸಿದರು. ರಾಯಲ್ ಅಕಾಡೆಮಿಯ ಗೋಡೆಗಳಲ್ಲಿ ಇವರಿಗೆ ಜಾಗವಿರಲಿಲ್ಲವೆಂಬುದು ಅಚ್ಚರಿಯಲ್ಲ. ಲಾವಣಿಕಾರರ ಡಪ್ಪು ಅವರ ಪಾಲಿಗೆ ಉಳಿಯಿತು. ಆದರೆ ಮರುಕವೂ ರಾಜಕೀಯ ಆಯ್ಕೆಯೇ ಎಂಬುದಕ್ಕೆ ಇದಕ್ಕಿಂತ ನಿಖರವಾದ ಕಾಲಸಾಮ್ಯ ದೊರೆಯುವುದು ಕಷ್ಟ.

ಕೊಲೆಗೆ ಎಳೆತಂದವರ ಚಿತ್ರಣಕ್ಕೆ ಕನ್ನಡದಲ್ಲಿ ಇದಕ್ಕೂ ಆರು ಶತಮಾನ ಹಿಂದಿನ ಬೇರೊಂದು ಮಾದರಿಯುಂಟು. ಹೊಯ್ಸಳ ವೀರಬಲ್ಲಾಳನ ಆಸ್ಥಾನಕವಿ ಜನ್ನ 1209ರಲ್ಲಿ ಮುಗಿಸಿದ ‘ಯಶೋಧರ ಚರಿತೆ’ ಬಲಿಪೀಠದಲ್ಲಿಯೇ ತೊಡಗುತ್ತದೆ. ಮಾರಿದತ್ತ ರಾಜನಿಗೆ ಚಂಡಮಾರಿಯ ಜಾತ್ರೆಗೆ ಮನುಷ್ಯಯುಗಳ ಬೇಕು. ತಳಾರ ಚಂಡಕರ್ಮ ಭಿಕ್ಷೆಗೆ ಹೊರಟ ಅಭಯರುಚಿ, ಅಭಯಮತಿ ಎಂಬ ಅಣ್ಣತಂಗಿಯರನ್ನು ಹಿಡಿದು ತರುತ್ತಾನೆ. ಕೊರಡಿಗಾಗಿ ತಡಕುವ ಜೇನ್ ಗ್ರೇಯಂತೆ ಇವರು ಕಣ್ಕಟ್ಟಿನ ಮೂಕಮೂರ್ತಿಗಳಲ್ಲ; ಪರಸ್ಪರ ಧೈರ್ಯ ಹೇಳಿಕೊಳ್ಳುತ್ತಾರೆ, ಅರಸನನ್ನು ಹರಸು ಎಂದಾಗ ಧರ್ಮದಿಂದ ಆಳೆಂದೇ ಹರಸುತ್ತಾರೆ. ಅಲ್ಲಿಂದ ಮುಂದೆ ಇಡೀ ಕಾವ್ಯವೇ ಆ ಬಾಲಕನ ಮಾತು. ಖಡ್ಗ ಹಿಡಿದವನು ಕೇಳುತ್ತ ನಿಲ್ಲುತ್ತಾನೆ. ಓದುಗನ ದೃಷ್ಟಿ ಬಲಿಯಾಗುವವರ ಮೇಲಿಂದ ಮೆಲ್ಲನೆ ಮಾರಿದತ್ತನ ಕಡೆಗೆ ಹೊರಳುತ್ತದೆ. ಪರೀಕ್ಷೆಗೆ ಒಳಗಾದವನು ಅವನು.

ಇದನ್ನು ಜೈನರ ಮತಪ್ರಚಾರವೆಂದು ಬದಿಗಿಡುವ ವಿಮರ್ಶೆಯುಂಟು. ಹಾಗೆ ಬದಿಗಿಟ್ಟರೆ ಅಭಯರುಚಿ ಹೇಳುವ ಕಥೆಯ ತಿರುಳೇ ಕೈಜಾರುತ್ತದೆ. ಜೀವಹಿಂಸೆಗೆ ಅಂಜಿದ ಯಶೋಧರ, ತಾಯಿ ಚಂದ್ರಮತಿಯ ಒತ್ತಾಯಕ್ಕೆ ಕಟ್ಟುಬಿದ್ದು ಹಿಟ್ಟಿನ ಹುಂಜವನ್ನು ಕಡಿದನು. ಕಡಿದದ್ದು ಪ್ರತಿಮೆಯನ್ನಷ್ಟೇ, ಪ್ರಾಣಿಯನ್ನಲ್ಲ; ಆದರೂ ತಾಯಿಮಕ್ಕಳಿಬ್ಬರೂ ಜನ್ಮಜನ್ಮಾಂತರದಲ್ಲಿ ಮೃಗಪಕ್ಷಿಗಳಾಗಿ ತೊಳಲಿದರು. ಸಂಕಲ್ಪಹಿಂಸೆಯ ಈ ಕಠೋರ ಲೆಕ್ಕ ಗಿರೀಶ ಕಾರ್ನಾಡರನ್ನು ‘ಹಿಟ್ಟಿನ ಹುಂಜ’ ನಾಟಕ ಬರೆಯುವಷ್ಟು ಕಾಡಿತು. ಚಿತ್ರಕಲೆಗೂ ಅದು ಅನ್ವಯಿಸುತ್ತದೆಯೆಂದು ಮಾತ್ರ ಯಾರೂ ಹೆಚ್ಚಾಗಿ ಯೋಚಿಸಿದಂತಿಲ್ಲ. ವಿಲ್ಕಿಯ ಪಟದಲ್ಲಿ ಬಿದ್ದಿರುವ ಸುಲ್ತಾನನು ಬಣ್ಣದ ಶವವೇ ಹೊರತು ನಿಜವಲ್ಲ, ನಲವತ್ತು ವರ್ಷ ಹಿಂದಿನ ಮಾತು ಎನ್ನಬಹುದು. ಆದರೆ 1839ರ ನೋಡುಗ ಆ ದೀಪದ ಬೆಳಕಿನಲ್ಲಿ ನಿಂತು ಮನಸ್ಸಿನಲ್ಲಿಯೇ ಮತ್ತೊಮ್ಮೆ ಪಟ್ಟಣವನ್ನು ಗೆದ್ದನು, ಕಿಂಡಿಯ ನೆಪದಿಂದ ನಿಶ್ಚಿಂತನಾಗಿಯೇ ಗೆದ್ದನು. ಹಿಟ್ಟಿನ ಹುಂಜವಾದರೋ ಕಡಿದಾಗ ಕೂಗಿತ್ತು.